ಪಾಪದಲ್ಲೇ ಮುಂದುವರಿಯುವ ವಿಶ್ವಾಸಿಯ ರಕ್ಷಣೆ ಉಳಿಯುತ್ತದೆಯೇ?

ಪ್ರಶ್ನೆ (ಬೆಟಗೇರಿ, ಗದಗ)

ನಮ್ಮ ಸಭೆಯ ಹಿರಿಯರೊಬ್ಬರು ಹಲವು ವರ್ಷಗಳಿಂದ ಮೀಟರ್ ಬಡ್ಡಿಯ ವ್ಯವಹಾರ ನಡೆಸುತ್ತಿದ್ದಾರೆ. ಯೌವನದಲ್ಲಿ ಕ್ರಿಸ್ತನನ್ನು ಅಂಗೀಕರಿಸಿದ ಸಾಕ್ಷಿಯನ್ನು ಇಂದಿಗೂ ಹೇಳುತ್ತಾರೆ, ಭಾನುವಾರದ ಆರಾಧನೆಯನ್ನು ತಪ್ಪಿಸುವುದಿಲ್ಲ. ಆದರೆ ಇವರ ಸಾಲ ತೀರಿಸಲಾಗದೆ ನೇಕಾರರೊಬ್ಬರು ಮಗ್ಗವನ್ನೇ ಮಾರಿಕೊಂಡರಲ್ಲ ಎಂದರೆ, ತನ್ನ ಕುರಿಗಳನ್ನು ಯಾರೂ ಕೈಯಿಂದ ಕಸಿದುಕೊಳ್ಳಲಾರರು ಎಂದು ಕರ್ತನು ಹೇಳಿದ ಯೋಹಾನ 10:28ನ್ನು ಮುಂದಿಡುತ್ತಾರೆ. ಸತ್ಯವನ್ನು ತಿಳಿದ ಮೇಲೂ ಬೇಕೆಂದೇ ಪಾಪ ಮಾಡುತ್ತಿದ್ದರೆ ಬೇರೆ ಪರಿಹಾರಯಜ್ಞ ಉಳಿದಿಲ್ಲವೆನ್ನುವ ಇಬ್ರಿಯರಿಗೆ 10:26ರ ಮಾತು ಇಂಥವರಿಗೆ ಅನ್ವಯಿಸುವುದಿಲ್ಲವೇ?

ಉತ್ತರ 1 (ಧಾರವಾಡ)

ಅನ್ವಯಿಸುತ್ತದೆ, ಆದರೆ ನಿಜವಾದ ವಿಶ್ವಾಸಿಯು ಕೊನೆಗೆ ನಾಶವಾಗುತ್ತಾನೆಂದು ನಾನು ಒಪ್ಪುವುದಿಲ್ಲ. ಹಾಲೆಂಡಿನಲ್ಲಿ ದೇವಶಾಸ್ತ್ರಜ್ಞ ಅರ್ಮಿನಿಯಸ್‌ನ ಅನುಯಾಯಿಗಳು 1610ರಲ್ಲಿ ಈ ಪ್ರಶ್ನೆಯನ್ನು ಇನ್ನೂ ಪರಿಶೀಲಿಸಬೇಕೆಂದು ತೆರೆದಿಟ್ಟಿದ್ದರು. 1618–19ರ ರಿಫಾರ್ಮ್ಡ್ (ಕ್ಯಾಲ್ವಿನ್ ಪರಂಪರೆಯ) ಸಭೆಗಳ ಡೋರ್ಟ್ ಮಹಾಸಭೆ ದೇವರು ತನ್ನವರನ್ನು ಕಡೆಯವರೆಗೂ ಕಾಯುತ್ತಾನೆಂದು ತೀರ್ಮಾನಿಸಿತು. ನಿಮ್ಮ ಹಿರಿಯರಂಥವರು ಆ ತೀರ್ಮಾನದ ಅರ್ಧವನ್ನಷ್ಟೇ ಓದುತ್ತಾರೆ. ದಾವೀದ, ಪೇತ್ರರಂತೆ ವಿಶ್ವಾಸಿಗಳು ಘೋರ ಪಾಪಕ್ಕೆ ಬೀಳಬಹುದು, ಪವಿತ್ರಾತ್ಮನನ್ನು ದುಃಖಪಡಿಸಬಹುದು, ಕೃಪೆಯ ಅನುಭವವನ್ನೇ ಕೆಲಕಾಲ ಕಳೆದುಕೊಳ್ಳಬಹುದು ಎಂದೂ ಅದೇ ಮಹಾಸಭೆ ಹೇಳಿದೆ. ಪಾಪದಲ್ಲಿ ನೆಮ್ಮದಿಯಾಗಿರಲು ಅದು ಯಾರಿಗೂ ಅನುಮತಿ ಕೊಟ್ಟಿಲ್ಲ.

ಇಬ್ರಿಯರಿಗೆ 10:26ರಂಥ ಎಚ್ಚರಿಕೆಯ ವಚನಗಳು ವಾಗ್ದಾನಕ್ಕೆ ವಿರುದ್ಧವೆಂದು ಭಾವಿಸುವವರು ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ಓದಬೇಕು. ಹಡಗಿನಲ್ಲಿದ್ದ ಒಬ್ಬರ ಪ್ರಾಣವೂ ಹೋಗದೆಂದು ದೇವದೂತನಿಂದ ತಿಳಿದು ಎಲ್ಲರಿಗೂ ಹೇಳಿದ ಪೌಲನೇ, ನಾವಿಕರು ತಪ್ಪಿಸಿಕೊಳ್ಳಲು ಹೊರಟಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎಂದು ಶತಾಧಿಪತಿಯನ್ನು ಎಚ್ಚರಿಸುತ್ತಾನೆ. ವಾಗ್ದಾನ ನೆರವೇರಿದ್ದು ಆ ಎಚ್ಚರಿಕೆಯ ಮೂಲಕವೇ. ಅದನ್ನು ಕೇಳಿಯೂ ಕದಲದವನಿಗೆ ಯೋಹಾನ 10:28ರ ಸಮಾಧಾನವನ್ನು ನಾನಂತೂ ಹೇಳಲಾರೆ.

ಉತ್ತರ 2 (ಹುಬ್ಬಳ್ಳಿ)

ಹಡಗಿನ ಪ್ರಸಂಗ ಚೆನ್ನಾಗಿದೆ, ಆದರೆ ಅಷ್ಟರಿಂದ ವಾದ ಮುಗಿಯುವುದಿಲ್ಲ. ಬಿದ್ದವನು ಎದ್ದು ಬರದೇ ಹೋದರೆ ನಿಮ್ಮ ಪಕ್ಷದವರು ಕೊನೆಗೆ, ಅವನು ಮೊದಲಿನಿಂದಲೂ ವಿಶ್ವಾಸಿಯಾಗಿರಲೇ ಇಲ್ಲ ಎನ್ನುತ್ತಾರೆ, ಅದಕ್ಕೆ ನಮ್ಮಿಂದ ಹೊರಟುಹೋದವರು ನಮ್ಮವರಾಗಿರಲಿಲ್ಲವೆನ್ನುವ 1 ಯೋಹಾನ 2:19ನ್ನು ತೋರಿಸುತ್ತಾರೆ. ಹಾಗಾದರೆ ಇಬ್ರಿಯರಿಗೆ 6:4–6ರಲ್ಲಿ ಪರಲೋಕದ ವರದ ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲು ಹೊಂದಿ, ಆ ಮೇಲೆ ಬಿದ್ದುಹೋದವರು ಯಾರು? ಹೊರಗಿನವರನ್ನು ಯಾರೂ ಹೀಗೆ ವರ್ಣಿಸುವುದಿಲ್ಲ.

1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ಮಾರ್ಟಿನ್ ಲೂಥರನ ಪರಂಪರೆಯ ಲುಥೆರನ್ನರೂ ರಿಫಾರ್ಮ್ಡ್ ಪರಂಪರೆಯವರೂ ಒಟ್ಟಿಗಿದ್ದರು. ಈ ಭಿನ್ನಾಭಿಪ್ರಾಯ ನಮ್ಮ ಸಭೆಗಳಿಗೆ ಹೊಸದೇನಲ್ಲ. ಒಮ್ಮೆ ನೀತಿವಂತನೆಂದು ನಿರ್ಣಯ ಹೊಂದಿದವನು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರನೆಂಬ ಬೋಧನೆಯನ್ನು ಲುಥೆರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣ ಖಂಡಿಸುತ್ತದೆ. ಬಿದ್ದು ಮರಳಿ ಬಂದವರಿಗೆ ಕ್ಷಮೆ ನಿರಾಕರಿಸುವವರನ್ನೂ ಅದೇ ಕಲಮಿನಲ್ಲಿ ಖಂಡಿಸುತ್ತದೆ. ಮೆಥೊಡಿಸ್ಟರ ಜಾನ್ ವೆಸ್ಲಿಯೂ ವಿಶ್ವಾಸಿ ಬಿದ್ದುಹೋಗಬಹುದೆಂದೇ ಬೋಧಿಸಿದರು. ಕಥೋಲಿಕರ ಟ್ರೆಂಟ್ ಮಹಾಸಭೆಯಂತೂ 1547ರಲ್ಲಿ, ನಂಬಿಕೆ ಉಳಿದಿದ್ದರೂ ಮಾರಕ ಪಾಪದಿಂದ (ತಿಳಿದೂ ಬೇಕೆಂದೇ ಮಾಡಿದ ಘೋರ ಪಾಪದಿಂದ) ಕೃಪೆ ನಷ್ಟವಾಗುತ್ತದೆ ಎಂದಿತು. ಪಾಪನಿವೇದನೆಯ ಸಂಸ್ಕಾರದಿಂದ ಅದು ಮತ್ತೆ ದೊರೆಯುತ್ತದೆಂಬುದು ಅವರ ಬೋಧನೆ.

ಉತ್ತರ 3 (ಹಾವೇರಿ)

ನೀವಿಬ್ಬರೂ ಆ ಹಿರಿಯರಿಗೆ ಹೇಳುವ ಮಾತು ಒಂದೇ ಆಗಿದೆ. ಅವರ ಆತ್ಮದ ಸ್ಥಿತಿಯನ್ನು ನಿರ್ಣಯಿಸುವುದು ನಮ್ಮ ಪಾಲಿನ ಕೆಲಸವಲ್ಲ. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ಕಿತ್ತುಕೊಂಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ ಮೇಲೆಯೇ, ಈ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರಿದ್ದನ್ನು ಅವರಿಗೆ ಓದಿ ಹೇಳುವುದು ನಮ್ಮ ಕೆಲಸ.

ಇನ್ನೊಂದು ಮಾತು. ಇಬ್ರಿಯರಿಗೆ 6ನೆಯ ಅಧ್ಯಾಯವನ್ನು ಓದಿ ನಿದ್ದೆಗೆಡುವವರು ಸಾಮಾನ್ಯವಾಗಿ ಬಡ್ಡಿ ವಸೂಲಿ ಮಾಡುವವರಲ್ಲ. ಕುಡಿತ ಬಿಡಲು ಹೆಣಗುತ್ತ, ಬಿದ್ದು, ಅತ್ತು, ಮತ್ತೆ ಪ್ರಾರ್ಥನೆಗೆ ಬರುವವರು. ಅವರ ಮುಂದೆ ತೆರೆಯಬೇಕಾದದ್ದು ಪಾಪಗಳನ್ನು ಒಪ್ಪಿಕೊಂಡರೆ ಆತನು ಕ್ಷಮಿಸುವನೆನ್ನುವ 1 ಯೋಹಾನ 1:9. ಎರಡೂ ಬಗೆಯ ಜನರಿಗೆ ಒಂದೇ ಪ್ರಸಂಗ ಮಾಡುವ ಸಭಾಪಾಲಕರಿಂದಲೇ ಈ ಗೊಂದಲ ಹೆಚ್ಚುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಮತ್ತಾಯ 18:15ರ ಪ್ರಕಾರ ಮೊದಲು ಒಬ್ಬನೇ ಹೋಗಿ ಮಾತನಾಡಬೇಕು. ನಮ್ಮ ಸಭೆಯಲ್ಲಿ ಅರ್ಧ ಜನ ಅವರಿಗೇ ಸಾಲಗಾರರು, ಯಾರು ಹೋಗಬೇಕು?

ಉತ್ತರ 3 (ಹಾವೇರಿ)

ಸಾಲ ಪಡೆಯದವರು. ನೀವು ಪಡೆದಿಲ್ಲವಾದರೆ, ನೀವೇ.