ನಂದಿಬೆಟ್ಟಕ್ಕೆ ರೋಪ್‌ವೇ ಬೇಕೇ?

ಮುಂಜಾನೆ ಸವಾರ: 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಂದಿಬೆಟ್ಟದ ದಾರಿ ತಿಂಗಳುಗಟ್ಟಲೆ ಮುಚ್ಚಿತ್ತು. ಅಂಥ ರಸ್ತೆಯ ಮೇಲೆ ಪ್ರತಿ ಭಾನುವಾರ ಬೆಂಗಳೂರಿನ ಕಾರುಗಳೆಲ್ಲ ಸೂರ್ಯೋದಯಕ್ಕೆಂದು ಮುಗಿಬೀಳುವುದನ್ನು ಕಂಡವರು ರೋಪ್‌ವೇ ಬೇಡವೆನ್ನಲಾರರು.

ಅರ್ಕಾವತಿ ಮಗಳು: “ಬೇಡವೆನ್ನಲಾರರು” ಎಂದು ತೀರ್ಪು ಕೊಡಲು ತಾವು ಯಾರು? ಅರ್ಕಾವತಿ, ಪಾಲಾರ್, ಎರಡೂ ಪಿನಾಕಿನಿಗಳು ಹುಟ್ಟುವ ಬೆಟ್ಟವಿದು. 1890ರ ದಶಕದಲ್ಲಿ ಇದೇ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ತಂದರು; ಈಗ ಅದರ ತಲೆಯ ಮೇಲೆಯೇ ಕಂಬ ನೆಡುತ್ತೀರಾ?

ಭೂಪಟ ಪ್ರೇಮಿ: ಪಾಲಾರ್ ನಂದಿಬೆಟ್ಟದಲ್ಲಿ ಹುಟ್ಟುವುದಿಲ್ಲ, ಅದರ ಮೂಲ ತಲಗವಾರದ ಬಳಿಯಿದೆ. ಉತ್ತರ ಪಿನಾಕಿನಿಯ ಮೂಲವೆಂದು ಹೇಳುವುದು ಚೆನ್ನಕೇಶವ ಬೆಟ್ಟವನ್ನು.

ಅರ್ಕಾವತಿ ಮಗಳು: ಚೆನ್ನಕೇಶವ ಬೆಟ್ಟವೂ ನಂದಿಶ್ರೇಣಿಯದೇ ಅಲ್ಲವೇ?

ಭೂಪಟ ಪ್ರೇಮಿ: ಮೊದಲು “ಬೆಟ್ಟ” ಎಂದಿರಿ, ಸಿಕ್ಕಿಬಿದ್ದ ಮೇಲೆ “ಶ್ರೇಣಿ” ಎನ್ನುತ್ತಿದ್ದೀರಿ. ಹೀಗೆ ಹಿಗ್ಗಿಸುತ್ತ ಹೋದರೆ ಕೋಲಾರವೆಲ್ಲ ನಂದಿಬೆಟ್ಟವೇ ಆಗುತ್ತದೆ. ತಲಗವಾರದ ಬಗ್ಗೆ ಮೌನವೇಕೆ?

ನಂದಿ ಊರಿನವ: ನಾನು ಬೆಟ್ಟದ ಬುಡದವನು, ಭೋಗನಂದೀಶ್ವರನ ಗುಡಿಯ ಕಲ್ಯಾಣಿಯಲ್ಲಿ ಈಜು ಕಲಿತವನು. ಬಂಡೆಯ ಸಂದಿಯಿಂದ ಬೆರಳಿನಷ್ಟು ನೀರು ಪಾಚಿಯ ಮೇಲೆ ಜಿನುಗುವುದನ್ನು ನಮ್ಮ ತಾತ ತೋರಿಸಿ, ಇದೇ ಕಣಯ್ಯ ಹೊಳೆ ಎಂದಿದ್ದರು. ವಾರದ ಕೊನೆಗೆ ಖಾಸಗಿ ವಾಹನ ನಿಲ್ಲಿಸಿ ಬಸ್ಸು ಬಿಟ್ಟರೆ ಸಾಕು, ರೋಪ್‌ವೇಯೂ ಬೇಡ, ಜಗಳವೂ ಬೇಡ.

ಭೂಪಟ ಪ್ರೇಮಿ: ಬೆರಳಿನಷ್ಟು ಜಿನುಗಿದ್ದನ್ನೆಲ್ಲ ಹೊಳೆ ಎನ್ನುವುದಾದರೆ ನಮ್ಮ ಮನೆಯ ನಲ್ಲಿಯೂ ಉಗಮಸ್ಥಾನವೇ.

ನಂದಿ ಊರಿನವ: ನಮ್ಮ ತಾತನ ಮಾತಿಗೆ ನಲ್ಲಿಯನ್ನು ಹೋಲಿಸಬೇಡಿ ಸ್ವಾಮಿ. ತಾವು ಬೆಟ್ಟವನ್ನು ನಡೆದು ಹತ್ತಿದ್ದೀರಾ?

ಭೂಪಟ ಪ್ರೇಮಿ: ಹತ್ತಿದ್ದೇನೆ, ಮೆಟ್ಟಿಲಿನ ದಾರಿಯಲ್ಲೇ. 1478 ಮೀಟರ್ ಎತ್ತರದಿಂದ ನೋಡಿದರೂ ಪಾಲಾರ್ ಕಾಣಲಿಲ್ಲ.

ಕೋಟೆ ಕಾವಲು: ಹತ್ತುವ ಮಾತು ಬಂದುದರಿಂದ ಹೇಳುತ್ತೇನೆ: 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ಕೋಟೆಯನ್ನು ಕಿತ್ತುಕೊಂಡಾಗ ಫಿರಂಗಿಗಳನ್ನು ಜನ ಎಳೆದುತಂದರು, ರೋಪ್‌ವೇ ಇರಲಿಲ್ಲ.

ಮುಂಜಾನೆ ಸವಾರ: ಫಿರಂಗಿ ಎಳೆಯಲು ಅವರಿಗೆ ಮೊಣಕಾಲು ಗಟ್ಟಿಯಿತ್ತು, ನಮ್ಮ ತಾಯಿಗೆ ಎಪ್ಪತ್ತೆರಡು ವರ್ಷ, ಮೇಲಿರುವ ಯೋಗನಂದೀಶ್ವರನನ್ನು ಅವರು ಹೇಗೆ ನೋಡಬೇಕು? ನಾನು ಕೇಳಿದ್ದು ಕಾರಿನ ದಟ್ಟಣೆಯ ಬಗ್ಗೆ, ಪಾಲಾರಿನ ಜಾತಕವನ್ನಲ್ಲ.

ನಂದಿ ಊರಿನವ: ತಾಯಿಯವರನ್ನು ಬಸ್ಸಿನಲ್ಲಿ ಕರೆತನ್ನಿ ಎಂದೇ ಹೇಳಿದ್ದು.

ಅರ್ಕಾವತಿ ಮಗಳು: ಪಾಲಾರನ್ನು ಬೇಕಿದ್ದರೆ ಪಟ್ಟಿಯಿಂದ ತೆಗೆಯಿರಿ, ಅರ್ಕಾವತಿ ಎಲ್ಲಿ ಹುಟ್ಟುತ್ತಾಳೆಂದು ಭೂಪಟ ಪ್ರೇಮಿಗಳು ಇನ್ನೂ ಹೇಳಿಲ್ಲ.

ಭೂಪಟ ಪ್ರೇಮಿ: “ತೆಗೆಯಿರಿ” ಎಂದಿರಲ್ಲ, ನನಗೆ ಅಷ್ಟು ಸಾಕು.