ಕೊನೆಯ 20 ನಿಮಿಷಗಳಲ್ಲಿ ಸೋಲುವ ನಮ್ಮ ಕಾಲೇಜು ಫುಟ್‌ಬಾಲ್ ತಂಡ

ಪ್ರಶ್ನೆ: ಬಳ್ಳಾರಿಯ ನಮ್ಮ ಕಾಲೇಜು ತಂಡದಲ್ಲಿ ಇರುವವರೇ ಹದಿನಾಲ್ಕು ಹುಡುಗರು. ಈ ಸಲದ ಅಂತರ ಕಾಲೇಜು ಪಂದ್ಯಗಳಲ್ಲಿ ಮೊದಲಾರ್ಧವನ್ನು ಹಿಡಿತದಲ್ಲಿಟ್ಟುಕೊಂಡವರು, ಕೊನೆಯ 20 ನಿಮಿಷಗಳಲ್ಲಿ ಕಾಲು ಸೋತು ಗೋಲು ಬಿಟ್ಟುಕೊಡುತ್ತಿದ್ದಾರೆ. ಅಭ್ಯಾಸವನ್ನು ಹೇಗೆ ಬದಲಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಸರ್, ಮೈದಾನ ಸುತ್ತಿಸುವುದರಿಂದ ಮಾತ್ರ ದಮ್ಮು ಬರುವುದಿಲ್ಲ. ಚೆಂಡಿನೊಂದಿಗೆ ಚಿಕ್ಕ ದೂರದ ವೇಗದ ಓಟ, ನಡುವೆ ಅರೆಕ್ಷಣದ ಬಿಡುವು, ಮತ್ತೆ ಓಟ ಎಂಬಂತೆ ಮಾಡಿಸಿದರೆ ಪಂದ್ಯದ ಲಯಕ್ಕೆ ದೇಹ ಹೊಂದಿಕೊಳ್ಳುತ್ತದೆ. ನಮ್ಮ ಬಿಸಿಲಿನಲ್ಲಿ ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ, ವಿರಾಮದಲ್ಲಿ ಬರೀ ನೀರಿಗಿಂತ ಉಪ್ಪು ಬೆರೆಸಿದ ನೀರುಮಜ್ಜಿಗೆ ಕೊಡಿ.

ಉತ್ತರ 2: ಬದಲಿ ಆಟಗಾರರನ್ನು ಯಾವಾಗ ಇಳಿಸುತ್ತೀರಿ? ಮೂವರನ್ನೂ 80ನೆಯ ನಿಮಿಷದವರೆಗೆ ಕೂರಿಸಿಟ್ಟರೆ ಪ್ರಯೋಜನವಿಲ್ಲ. 60ರ ಆಸುಪಾಸಿನಲ್ಲೇ ನಡುಗಣದ ದಣಿದವರನ್ನು ಹೊರಗೆ ಕರೆಯಿರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಡುಗಣದ ಇಬ್ಬರು ಪೂರ್ತಿ 90 ನಿಮಿಷ ಆಡುತ್ತಿದ್ದರು. ಮುಂದಿನ ಪಂದ್ಯದಲ್ಲಿ ಅವರನ್ನೇ ಮೊದಲು ಬದಲಿಸುತ್ತೇವೆ.