ಫ್ಲೋಮ್‌ನಲ್ಲಿ ಒಂದು ರಾತ್ರಿ ಉಳಿಯಬೇಕಾ, ಬೇಡ್ವಾ?

ಪ್ರಶ್ನೆ: ನಾನು ಸ್ಟಾಕ್‌ಹೋಮ್‌ನಲ್ಲಿದ್ದೇನೆ. ಜೂನ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅವರಿಗೆ ನಾರ್ವೆಯ ಫ್ಲೋಮ್ ತೋರಿಸುವ ಆಸೆ. ಬರ್ಗನ್‌ನಿಂದ ಒಂದೇ ದಿನದಲ್ಲಿ ಹೋಗಿ ಬಂದರೆ ಸಾಕು ಅಂತ ಕೆಲವರು, ಉಳಿಯಲೇಬೇಕು ಅಂತ ಕೆಲವರು. ಅಮ್ಮನಿಗೆ ಮಂಡಿನೋವು. ಇಬ್ಬರೂ ಮೊಟ್ಟೆಯನ್ನೂ ತಿನ್ನುವುದಿಲ್ಲ. ನೋಡಿ ಬಂದವರು ದಯವಿಟ್ಟು ಹೇಳಿ.

ಉತ್ತರ: ಖಂಡಿತ ಉಳಿಯಿರಿ. ಫ್ಲೋಮ್ ಕೆಲವೇ ನೂರು ಜನರ ಊರು. ಬೇಸಿಗೆಯಲ್ಲಿ ಸಾವಿರಾರು ಜನರನ್ನು ಹೊತ್ತ ಕ್ರೂಸ್ ಹಡಗು ಬಂದು ನಿಂತರೆ ಊರಿಗಿಂತ ಹಡಗೇ ದೊಡ್ಡದಾಗಿ ಕಾಣುತ್ತದೆ. ಹಗಲು ಎಲ್ಲಿ ನೋಡಿದರೂ ಸಾಲು, ಕಾಫಿಗೂ ಸಾಲು, ಶೌಚಾಲಯಕ್ಕೂ ಸಾಲು. ಸಂಜೆ ಹಡಗು ಹೊರಟು, ಒಂದೇ ದಿನಕ್ಕೆ ಬಂದವರೂ ರೈಲು ಹತ್ತಿದ ಮೇಲೆ ನೋಡಿ, ನೀರಿನ ಅಂಚಿನಲ್ಲಿ ಬೆಂಚಿನ ಮೇಲೆ ಆರಾಮವಾಗಿ ಕೂರಬಹುದು. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಹಾಗಾಗಿ ಊಟ ಮುಗಿಸಿ ನಿಧಾನವಾಗಿ ಸುತ್ತಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ವಯಸ್ಸಾದವರಿಗೆ ಆ ಹೊತ್ತೇ ಇಷ್ಟವಾಗುವುದು. ನಮ್ಮ ಅತ್ತೆ ಮಾವ ಇವತ್ತಿಗೂ ಆ ಸಂಜೆಯ ಮಾತನ್ನೇ ಆಡುತ್ತಾರೆ.

ರೈಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಬರ್ಗನ್‌ನಿಂದ ಮಿರ್ಡಾಲ್‌ಗೆ ಸುಮಾರು ಎರಡು ಗಂಟೆ, ಅಲ್ಲಿ ಫ್ಲೋಮ್ ರೈಲಿಗೆ ಬದಲಾಯಿಸಬೇಕು. ಮಿರ್ಡಾಲ್ 866 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ 20 ಕಿಲೋಮೀಟರ್‌ನಲ್ಲಿ ರೈಲು ಸಮುದ್ರಮಟ್ಟಕ್ಕೆ ಇಳಿಯುತ್ತದೆ. ದಾರಿಯಲ್ಲಿ 20 ಸುರಂಗ, ಅದರಲ್ಲಿ 18 ಅನ್ನು ಹೆಚ್ಚಾಗಿ ಕೈಯಲ್ಲೇ ಕೊರೆದರಂತೆ! ಶೋಸ್‌ಫೋಸೆನ್ ಜಲಪಾತದ ಹತ್ತಿರ ಕೆಲವು ನಿಮಿಷ ನಿಲ್ಲಿಸುತ್ತಾರೆ, ಇಳಿದು ನೋಡಬಹುದು. ನೀರಿನ ಹನಿ ಮೈಮೇಲೆ ಬರುತ್ತದೆ, ಪ್ಲಾಟ್‌ಫಾರ್ಮ್ ಒದ್ದೆ ಇರುತ್ತದೆ, ಅಮ್ಮನ ಕೈ ಹಿಡಿದುಕೊಳ್ಳಿ.

ಇನ್ನೊಬ್ಬರು: ಉಳಿಯಬೇಕು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಫ್ಲೋಮ್‌ನಲ್ಲೇ ಯಾಕೆ? ಫ್ಲೋಮ್ ಇರುವ ಅದೇ ಫ್ಯೋರ್ಡ್‌ನ (ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರದ ಕವಲು) ದಡದಲ್ಲಿ, ಬಸ್ಸಿನಲ್ಲಿ ಹತ್ತು ಹದಿನೈದು ನಿಮಿಷ ದೂರದಲ್ಲಿ ಔರ್‌ಲಾಂಡ್ ಇದೆ. ಅಲ್ಲಿ ಶಾಲೆ, ಹಳೇ ಕಲ್ಲಿನ ಚರ್ಚು, ಲೋಫರ್ ಶೂ ಹೊಲಿಯುವ ಕಾರ್ಖಾನೆ ಎಲ್ಲಾ ಇದೆ, ಜನ ಬದುಕುವ ಊರು ಅನ್ನಿಸುತ್ತದೆ. ಫ್ಲೋಮ್‌ನ ನಡುಭಾಗ ಪೂರ್ತಿ ಪ್ರವಾಸಿಗರಿಗಾಗಿಯೇ ಇರುವಂಥದ್ದು. ಔರ್‌ಲಾಂಡ್‌ನ ಮೇಲೆ 650 ಮೀಟರ್ ಎತ್ತರದಲ್ಲಿ ಸ್ಟೇಗಾಸ್ಟೈನ್ ಅಂತ ನೋಟದ ಕಟ್ಟೆ ಕಟ್ಟಿದ್ದಾರೆ, ಬೆಟ್ಟದಿಂದ 30 ಮೀಟರ್ ಹೊರಗೆ ಚಾಚಿದೆ. ಫ್ಲೋಮ್‌ನಿಂದಲೇ ಬಸ್ಸು ಹೋಗುತ್ತದೆ, ಹತ್ತುವ ಕಷ್ಟ ಇಲ್ಲ. ರಸ್ತೆ ಮಾತ್ರ ಕಿರಿದು, ತಿರುವು ಜಾಸ್ತಿ. ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಲಿ. ಬ್ರೆಕ್ಕೆಫೋಸೆನ್ ಜಲಪಾತದ ಮೆಟ್ಟಿಲು ಅಮ್ಮನಿಗೆ ಬೇಡವೇ ಬೇಡ, ತುಂಬಾ ಕಡಿದು.

ಮತ್ತೊಬ್ಬರು: ಊಟದ ವಿಷಯ ಯಾರೂ ಹೇಳಲಿಲ್ಲ, ಅದೇ ಮುಖ್ಯ ಅಲ್ವಾ? ಅಡುಗೆಮನೆ ಇರುವ ಕ್ಯಾಬಿನ್ ಹಿಡಿಯಿರಿ. ಹೋಟೆಲಿನಲ್ಲಿ ಮೊಟ್ಟೆಯಿಲ್ಲದ ಸಸ್ಯಾಹಾರ ಅಂದರೆ ಸೂಪು, ಬ್ರೆಡ್ಡು, ಆಲೂಗಡ್ಡೆಯಲ್ಲೇ ಮುಗಿಯುತ್ತದೆ, ಬೆಲೆಯೂ ಜಾಸ್ತಿ. ಅಕ್ಕಿ, ಬೇಳೆ, ಸಾರಿನಪುಡಿ, ಅವಲಕ್ಕಿ ಸ್ಟಾಕ್‌ಹೋಮ್‌ನಿಂದಲೇ ಕಟ್ಟಿಕೊಂಡು ಹೋಗಿ. ಅಪ್ಪ ಅಮ್ಮ ಊರಿನಿಂದ ತುಪ್ಪ, ಪೇಡ ತರದಿರಲಿ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು, ಬಾಟಲಿಗೆ ಸುಮ್ನೆ ದುಡ್ಡು ಹಾಕಬೇಡಿ. ನಾರ್ವೆಯಲ್ಲಿ ಭಾನುವಾರ ಹೆಚ್ಚಿನ ದೊಡ್ಡ ಅಂಗಡಿಗಳಿಗೆ ಬಾಗಿಲು, ಶನಿವಾರವೇ ಹಾಲು ಮೊಸರು ತಂದಿಟ್ಟುಕೊಳ್ಳಿ. ಜೂನ್ ಅಂತ ಬರೀ ಕಾಟನ್ ಹಾಕಿಕೊಂಡು ಹೋಗಬೇಡಿ, ದೋಣಿಯ ಮೇಲೆ ಗಾಳಿ ಕೊರೆಯುತ್ತದೆ. ಅಪ್ಪನಿಗೆ ಮಫ್ಲರು, ಅಮ್ಮನಿಗೆ ಕಾಲುಚೀಲ, ಎಲ್ಲರಿಗೂ ಮಳೆ ಕೋಟು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ದೋಣಿ ಅಂದಿರಲ್ಲ, ಅಮ್ಮನಿಗೆ ಆಗುತ್ತದಾ? ಅವರ ವೀಸಾ ಸ್ವೀಡನ್ನಿನದು, ನಾರ್ವೆಗೆ ಬೇರೆ ಬೇಕಾ?

ಮೊದಲು ಉತ್ತರಿಸಿದವರು: ಬೇರೆ ಬೇಡ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಾದ ಶೆಂಗೆನ್‌ನಲ್ಲಿದೆ. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ.

ದೋಣಿಯನ್ನು ಬಿಡಲೇಬೇಡಿ. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ಎರಡು ಗಂಟೆ, ದಾರಿಯಲ್ಲಿ ನ್ಯಾರೋಯ್‌ಫ್ಯೋರ್ಡ್ ಬರುತ್ತದೆ. 2005ರಿಂದ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಕೆಲವೆಡೆ ಅಗಲ ಬರೀ 250 ಮೀಟರ್, ಎರಡೂ ಕಡೆ ಬೆಟ್ಟ ನೇರವಾಗಿ ನೀರಿಗೆ ಇಳಿದಿದೆ. ಅಲ್ಲಿ ಓಡುವುದು ಬ್ಯಾಟರಿ ದೋಣಿ, ಎಂಜಿನ್ನಿನ ಗದ್ದಲ ಇಲ್ಲ, ಒಳಗೆ ಬೆಚ್ಚಗೆ ಕೂತು ಕಿಟಕಿಯಿಂದ ನೋಡಬಹುದು. ಮೇಲಿನ ಡೆಕ್ಕಿಗೆ ಮೆಟ್ಟಿಲಿನ ಬದಲು ಇಳಿಜಾರು ದಾರಿ ಇರುವುದರಿಂದ ಅಮ್ಮ ನಿಧಾನವಾಗಿ ಹೋಗಬಹುದು. ಫ್ಲೋಮ್‌ನಲ್ಲಿ ಸ್ಟೇಷನ್ನಿನಿಂದ ದೋಣಿಕಟ್ಟೆಗೆ ಸಮತಟ್ಟು ನೆಲ, ಎರಡು ನಿಮಿಷ. ಗುಡ್‌ವಾಂಗೆನ್‌ನಿಂದ ಬಸ್ಸಿನಲ್ಲಿ ವೋಸ್, ಅಲ್ಲಿಂದ ರೈಲಿನಲ್ಲಿ ಬರ್ಗನ್. ಬಂದ ದಾರಿಯಲ್ಲೇ ವಾಪಸ್ ಹೋಗುವ ಗೋಜಿಲ್ಲ.

ಟಿಕೆಟ್ ತೆಗೆಯುವ ಮುಂಚೆ ಫ್ಲೋಮ್ ಬಂದರಿಗೆ ಯಾವ ದಿನ ಯಾವ ಹಡಗು ಬರುತ್ತದೆ ಅನ್ನುವ ಪಟ್ಟಿ ನೋಡಿ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಹಡಗಿಲ್ಲದ ದಿನ ಸಿಕ್ಕಿದರೆ ಅವತ್ತೇ ಹೋಗಿ. ರೂಮನ್ನು ಮಾತ್ರ ಈಗಲೇ ಹಿಡಿದುಬಿಡಿ, ಊರಿನಲ್ಲಿ ಇರುವ ಹೋಟೆಲುಗಳೇ ಕಡಿಮೆ.